ಸಂಸದೀಯ ಪದ್ಧತಿ ಬೆಳೆದು ಬಂದ ಬಗೆ

ವ್ಯಾಕರಣದಲ್ಲಿ ಪ್ರಯೋಗವು ಮೊದಲು, ಸೂತ್ರವು ಅದರ ತರುವಾಯ. ಸಂಸದೀಯ ರಾಜ್ಯಪದ್ಧತಿಯ ಗತಿಯೂ ಬಹುಮಟ್ಟಿಗೆ ಇದೇ. ಅದರ ತವರಾದ ಇಂಗ್ಲೆಂಡಿನಲ್ಲಿ ಏಕಗ್ರಂಥರೂಪವಾದ ಸಂವಿಧಾನವೇ ಇಲ್ಲ. ಸಭೆಯ ವಿಶ್ವಾಸವನ್ನು ಕಳೆದುಕೊಂಡ ಮಂತ್ರಿಮಂಡಲವು ಅಧಿಕಾರದಲ್ಲಿ ಉಳಿಯಲಾಗದೆಂಬುದು ಅಲ್ಲಿ ರೂಢಿಯಿಂದ ನೆಲೆಗೊಂಡ ನಿಯಮ. ಮಂತ್ರಿಮಂಡಲವು ಸಭೆಗೆ ಹೊಣೆಯೆಂಬ ಆ ತತ್ತ್ವವನ್ನು ಭಾರತವು 1950ರಲ್ಲಿ ಲಿಖಿತರೂಪದಲ್ಲಿಯೇ ಅಂಗೀಕರಿಸಿತು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಸೀಮೆಯು 1881ರಲ್ಲಿ ಆರಂಭವಾದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ವ್ಯಾಪ್ತಿಗೆ ಸೇರಿದುದಲ್ಲ. ಆಗ ಅದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. 1919ರ ಕಾಯಿದೆಯು ಶಿಕ್ಷಣಾದಿ ಕೆಲವು ಖಾತೆಗಳನ್ನು ಮಂತ್ರಿಗಳಿಗೊಪ್ಪಿಸಿ, ಹಣಕಾಸು ಪೋಲೀಸುಗಳನ್ನು ಗವರ್ನರನ ಪಕ್ಷದಲ್ಲಿ ಉಳಿಸಿತು. 1935ರ ಕಾಯಿದೆ ಈ ಇಬ್ಬಂದಿತನವನ್ನು ಪ್ರಾಂತಗಳಲ್ಲಿ ನೀಗಿಸಿತಾದರೂ ಮತದ ಹಕ್ಕು ಎಲ್ಲರದಾಗಲಿಲ್ಲ. ಅದು 1951-52ರ ಮಹಾಚುನಾವಣೆಯಲ್ಲಿ ಕೈಗೂಡಿತು. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯವನ್ನು ಸೇರಿತು.

ಲಿಖಿತ ನಿಯಮಕ್ಕೂ ಅರ್ಥನಿರ್ಣಯ ಬೇಕಾಗುತ್ತದೆ. ಶಿಗ್ಗಾವಿ ತಾಲೂಕಿನ ಕಾರಡಗಿಯಲ್ಲಿ ಜನಿಸಿದ ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳಾಗಿದ್ದಾಗ, ಬಹುಮತವನ್ನು ಸಭೆಯಲ್ಲಿ ತೋರಿಸುವೆನೆಂದರೂ ಅವಕಾಶ ದೊರೆಯದೆ, 1989ರ ಏಪ್ರಿಲ್ 21ರಂದು ಅವರ ಸರಕಾರ ವಜಾ ಆಯಿತು. ಬಲಾಬಲದ ಪರೀಕ್ಷೆ ಸಭಾಂಗಣದಲ್ಲಿಯೇ ನಡೆಯಬೇಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ತೀರ್ಪಿತ್ತಿತು. ಅಷ್ಟರಲ್ಲಿ ಹೊಸ ಚುನಾವಣೆ ಮುಗಿದಿದ್ದುದರಿಂದ ವಜಾ ಆದ ಸರಕಾರ ಮರಳಲಿಲ್ಲ. ಫಲವು ಸಂದದ್ದು ಮುಂದಿನವರಿಗೆ.

1985ರ ಪಕ್ಷಾಂತರ ನಿಷೇಧವಾದರೋ ಸದಸ್ಯನ ಸ್ವರೂಪವನ್ನೇ ಮಾರ್ಪಡಿಸಿತು. ಚರ್ಚೆಯನ್ನು ಆಲಿಸಿ ಮನಸ್ಸು ಬದಲಿಸಿದವನೂ ಪಕ್ಷದ ಆದೇಶ ಮೀರಿ ಮತವಿತ್ತರೆ ಸ್ಥಾನ ಕಳೆದುಕೊಳ್ಳಬಹುದು. ಅನುಭವ ಮಂಟಪವನ್ನು ಸಂಸತ್ತಿಗೆ ಹೋಲಿಸುವುದು ಈಚಿನ ವಾಡಿಕೆ. ಅದು ರಾಜ್ಯವಾಳಿದ ಸಭೆಯಲ್ಲ. ಆದರೆ ಪ್ರಶ್ನೋತ್ತರದಿಂದ ಅಭಿಪ್ರಾಯ ತಿದ್ದಿಕೊಳ್ಳುವ ಮಾರ್ಗವೆಂದು ಅದನ್ನು ಸ್ಮರಿಸುವವರಿಗೆ ಈ ಕಟ್ಟು ಬಿಗಿಯೆನಿಸದಿರದು. ಇತ್ತ, ಒಂದು ಪಕ್ಷದ ಹೆಸರಿನಲ್ಲಿ ಮತ ಪಡೆದು ಇನ್ನೊಂದನ್ನು ಸೇರುವುದು ಮತದಾರನಿಗೆ ಮಾಡಿದ ವಂಚನೆಯೆಂಬ ಆಕ್ಷೇಪವೂ ಹುರುಳಿಲ್ಲದ್ದಲ್ಲ.

2019ರಲ್ಲಿ ಅನರ್ಹರಾದ 17 ಶಾಸಕರಲ್ಲಿ ರಾಣೇಬೆನ್ನೂರು, ಹಿರೇಕೆರೂರುಗಳ ಶಾಸಕರೂ ಇದ್ದರು. ನವೆಂಬರ್ 13ರ ತೀರ್ಪು ಅನರ್ಹತೆಯನ್ನು ಎತ್ತಿಹಿಡಿದು, ವಿಧಾನಸಭೆಯ ಅವಧಿ ತೀರುವವರೆಗೆ ಸ್ಪರ್ಧಿಸಕೂಡದೆಂಬ ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಹಿರೇಕೆರೂರಿನ ಮತದಾರರು ಅನರ್ಹರಾಗಿದ್ದವರನ್ನೇ, ಬೇರೆ ಪಕ್ಷದ ಚಿಹ್ನೆಯಡಿ, ಪುನಃ ಆರಿಸಿ ಕಳುಹಿಸಿದರು.