ಒಂದೇ ಉಚ್ಚಾರ, ಹಲವು ಅರ್ಥ: ಕೊರಿಯಾದ ‘ಜಿ-ಯಂಗ್’

ವಿದ್ಯಾ, ಪುಷ್ಪಾ, ಕೀರ್ತಿ ಎಂದೊಡನೆ ಕನ್ನಡಿಗರಿಗೆ ಹೆಸರಿನ ಅರ್ಥವೂ ಹೊಳೆಯುತ್ತದೆ. ದಕ್ಷಿಣ ಕೊರಿಯಾದಲ್ಲಿ ಹಾಗಲ್ಲ. 1970-80ರ ದಶಕಗಳಲ್ಲಿ ಹುಟ್ಟಿದ ಅಲ್ಲಿನ ಹೆಣ್ಣುಮಕ್ಕಳಲ್ಲಿ ಬಹು ಜನಪ್ರಿಯವಾಗಿದ್ದ ‘ಜಿ-ಯಂಗ್’ ಎಂಬ ಹೆಸರು ಕಿವಿಗೆ ಒಂದೇ ಆದರೂ ಅರ್ಥ ಹಲವು. ಹೆಸರಿಡುವಾಗ ಮನೆಯವರು ಆರಿಸುವ, ಚೀನೀ ಮೂಲದ ‘ಹಾಂಜಾ’ ಅಕ್ಷರಗಳೇ ಅದನ್ನು ನಿರ್ಧರಿಸುತ್ತವೆ. ‘ಜಿ’ ಎಂದರೆ ಜಾಣ್ಮೆ ಅಥವಾ ಸಂಕಲ್ಪ ಆಗಬಹುದು. ‘ಯಂಗ್’ ಎಂದರೆ ಹೂವು, ಕೀರ್ತಿ ಅಥವಾ ಶಾಶ್ವತ. ದಿನಬಳಕೆಯ ಹಂಗುಲ್ ಲಿಪಿಯಲ್ಲಿ ಬರೆದಾಗ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಈ ಸರ್ವೇಸಾಮಾನ್ಯ ಹೆಸರನ್ನೇ ಲೇಖಕಿ ಚೊ ನಾಮ್-ಜೂ ಅವರು 2016ರಲ್ಲಿ ಪ್ರಕಟವಾದ ‘ಕಿಮ್ ಜಿ-ಯಂಗ್, ಜನನ 1982’ ಕಾದಂಬರಿಯ ನಾಯಕಿಗೆ ಇಟ್ಟರು. ಮಗುವಿಗಾಗಿ ನೌಕರಿ ಬಿಟ್ಟ ಗೃಹಿಣಿಯ ಈ ಕಥೆ ಹತ್ತು ಲಕ್ಷಕ್ಕೂ ಅಧಿಕ ಪ್ರತಿ ಮಾರಾಟ ಕಂಡು, 2019ರಲ್ಲಿ ಚಲನಚಿತ್ರವೂ ಆಯಿತು.

ಕೊರಿಯಾದ ಮಹಿಳೆಯರು ಮದುವೆಯ ಬಳಿಕವೂ ತವರಿನ ಕುಲನಾಮ ಬಿಡುವುದಿಲ್ಲ. ಆದರೆ ಪತಿ-ಪತ್ನಿ ಒಪ್ಪಿ ಮಗುವಿಗೆ ತಾಯಿಯ ಕುಲನಾಮ ಇಡಲು ಕಾನೂನಿನಲ್ಲಿ ಅವಕಾಶ ದೊರೆತದ್ದು 2008ರಲ್ಲಷ್ಟೇ ಎಂಬುದು ಗಮನಾರ್ಹ. ಹೆಸರಿನಲ್ಲಿ ಜಾಣ್ಮೆ, ಕೀರ್ತಿ ಹಾರೈಸಿದ ಸಮಾಜ ಬದುಕಿನಲ್ಲಿ ಅವಕ್ಕೆ ಎಡೆ ಕೊಟ್ಟಿತೇ ಎಂಬುದೇ ಈ ಕಾದಂಬರಿ ಎತ್ತಿದ ಪ್ರಶ್ನೆ.