ಯಂತ್ರ ಸೇದಿದ ಹೊಗೆ

ಸಿಗರೇಟಿನ ಹೊಗೆಯನ್ನು ಅಳೆಯಬೇಕಾದರೆ ಮೊದಲು ಅದನ್ನು ಯಾರಾದರೂ ಸೇದಬೇಕಷ್ಟೆ. ಪ್ರಯೋಗಶಾಲೆಯಲ್ಲಿ ಆ ಕೆಲಸ ಯಂತ್ರದ್ದು. ನಿಮಿಷಕ್ಕೊಂದು ದಮ್ಮು, ದಮ್ಮಿಗೆ 35 ಮಿಲಿಲೀಟರು. ಇದು ಬಹುಕಾಲದ ಅಂತರರಾಷ್ಟ್ರೀಯ ಕ್ರಮ. ಗಾಜಿನೆಳೆಯ ಶೋಧಕದ ಮೇಲೆ ಕಂದು ಟಾರು ನಿಲ್ಲುತ್ತದೆ. ಅನಿಲವು ಚೀಲಕ್ಕೆ ಇಳಿಯುತ್ತದೆ. ಇಂಥ ಸಂಯಮಿ ಧೂಮಪಾನಿ ಭೂಮಿಯ ಮೇಲೆ ಇನ್ನೊಬ್ಬನಿರಲಾರ!

ಮನುಷ್ಯನಾದರೋ ನಿಕೋಟಿನ್ ಸಾಲದೆನಿಸಿದರೆ ಆಳವಾಗಿ ಎಳೆಯುತ್ತಾನೆ; ಫಿಲ್ಟರಿನ ಗಾಳಿರಂಧ್ರಗಳನ್ನು ಬೆರಳಿನಿಂದಲೋ ತುಟಿಯಿಂದಲೋ ಮುಚ್ಚುತ್ತಾನೆ. ‘ಲೈಟ್’ ಸಿಗರೇಟುಗಳು ಯಂತ್ರದ ಮುಂದೆ ಮಾತ್ರ ಸಾಧುಗಳಾಗಿ ಕಂಡದ್ದು ಹೀಗೆ. ಆದುದರಿಂದಲೇ ಕೆನಡಾ ಸರ್ಕಾರವು ರಂಧ್ರಗಳನ್ನು ಮುಚ್ಚಿ, ಅರ್ಧ ನಿಮಿಷಕ್ಕೊಮ್ಮೆ 55 ಮಿಲಿಲೀಟರು ಎಳೆಯುವ ಕಠಿಣ ಕ್ರಮವನ್ನು ತಂದಿತು.

ನಿಕೋಟಿನ್ ಇಳಿಸಿದ ಸಿಗರೇಟಿನ ಮಾತು ಬೇರೆ. ಇಲ್ಲಿ ಹೊಗೆಸೊಪ್ಪಿನಲ್ಲೇ ಅದು ಅತ್ಯಲ್ಪ. ಎಷ್ಟು ಎಳೆದರೂ ದಕ್ಕದು. 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 840 ಮಂದಿ ಭಾಗವಹಿಸಿದ್ದರು. ಆರು ವಾರಗಳ ಕೊನೆಗೆ, ಗ್ರಾಮಿಗೆ 15.8 ಮಿಲಿಗ್ರಾಂ ನಿಕೋಟಿನ್ ಇದ್ದುದನ್ನು ಸೇದಿದವರು ದಿನಕ್ಕೆ ಸುಮಾರು 21 ಸಿಗರೇಟು ಸುಡುತ್ತಿದ್ದರು, 0.4 ಮಿಲಿಗ್ರಾಮಿನವರು ಸುಮಾರು 15.

ಲಾಭವೇನೋ ದಿಟ. ಆದರೆ ಯಂತ್ರದ ಶೋಧಕ ಹೇಳುವುದೇ ಬೇರೆ: ಟಾರು, ಇಂಗಾಲದ ಮಾನಾಕ್ಸೈಡ್ ಹೆಚ್ಚುಕಡಿಮೆ ಮೊದಲಿನಷ್ಟೇ, ಬೆಂಜೊಪೈರೀನ್, ಫಾರ್ಮಾಲ್ಡಿಹೈಡ್ ಇದ್ದೇ ಇವೆ. ಎಲೆ ಸುಟ್ಟರೆ ಅವು ಹುಟ್ಟದಿರುವುದುಂಟೆ? ನಿಕೋಟಿನ್ ಚಟಕ್ಕೆ ಕಟ್ಟಿಹಾಕುತ್ತದೆ. ಕ್ಯಾನ್ಸರನ್ನು ತರುವುದು ಮುಖ್ಯವಾಗಿ ಹೊಗೆಯ ಇತರ ವಿಷಗಳು.

2021ರ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂಥದೊಂದು ಸಿಗರೇಟಿಗೆ, ನಿಕೋಟಿನ್ ಶೇಕಡಾ 95ರಷ್ಟು ಕಡಿಮೆ ಎಂದು ಬರೆದುಕೊಳ್ಳಲು ಅಪ್ಪಣೆಯಿತ್ತಿತು. ರೋಗ ಕಡಿಮೆ ಎಂದು ಬರೆಯಲು ಇತ್ತ ಅಪ್ಪಣೆ ಅದಲ್ಲ.