ಹಾವು ಹಿಡಿಯುವ ಗಿಡುಗ ಏಕೆ ವಿರಳ?

ಹಾನಗಲ್ಲ ಕಡೆಯ ನಮ್ಮ ಭತ್ತದ ಗದ್ದೆಯಲ್ಲಿ ಮಿಡತೆಗಳು ಅಸಂಖ್ಯ, ಕಪ್ಪೆಗಳು ಅವಕ್ಕಿಂತ ಕಡಿಮೆ, ಹಾವು ಅಪರೂಪ, ಹಾವು ಹಿಡಿಯುವ ಗಿಡುಗವಂತೂ ಎಲ್ಲೋ ಒಂದು. ಹೀಗೇಕೆ?

ಎಲೆಯ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ಪೈರು ಹಿಡಿದು, ಗಾಳಿಯ ಇಂಗಾಲಾಮ್ಲವನ್ನೂ ನೆಲದ ನೀರನ್ನೂ ಕೂಡಿಸಿ, ಸಕ್ಕರೆಯ ರೂಪದಲ್ಲಿ ಸಂಚಯಿಸುವುದು. ಗದ್ದೆಯ ಸಕಲ ಜೀವಿಗಳ ಬಾಳೂ ಆ ಅಲ್ಪ ಸಂಚಯದ ಮೇಲೆಯೇ ನಿಂತಿದೆ. ಎಲೆಯನ್ನು ಮೇಯ್ದ ಮಿಡತೆಯಾದರೋ ತಿಂದುದರಲ್ಲಿ ಬಹುಭಾಗವನ್ನು ಜೀರ್ಣಿಸಲಾರದೆ ಹಿಕ್ಕೆಯಾಗಿ ಉದುರಿಸುವುದು. ಉಳಿದುದರಲ್ಲಿಯೂ ಹೆಚ್ಚಿನದು ನೆಗೆತ, ಹಾರಾಟ, ಉಸಿರಾಟಗಳಲ್ಲಿ ಶಾಖವಾಗಿ ವ್ಯಯವಾಗಿ, ಮೈಗೂಡಿದ ಅಂಶ ಮಾತ್ರವೇ ಕಪ್ಪೆಗೆ ದೊರೆಯುವುದು. ಕೆರೆಯ ತೂಬಿನಿಂದ ಹೊರಟ ನೀರು ದಾರಿಯುದ್ದಕ್ಕೂ ಇಂಗಿ, ಆರಿ, ಕಾಲುವೆಯ ತುದಿಯ ಗದ್ದೆಗೆ ಕಾಲು ತೊಯ್ಯುವಷ್ಟೇ ತಲಪುವಂತೆ ಶಕ್ತಿಯೂ ಮೆಟ್ಟಿಲು ಮೆಟ್ಟಿಲಿಗೆ ಕುಗ್ಗುವುದು. 1942ರಲ್ಲಿ ಅಮೆರಿಕದ ರೇಮಂಡ್ ಲಿಂಡೆಮನ್ ಒಂದು ಪುಟ್ಟ ಸರೋವರವನ್ನು ಪರಿಶೀಲಿಸಿ ಈ ತತ್ತ್ವವನ್ನು ನಿರೂಪಿಸಿದನು. ಸ್ಥೂಲವಾಗಿ ಹತ್ತರಲ್ಲೊಂದು ಪಾಲು ಮೇಲೇರುವುದೆಂದು ಹಿಡಿದರೆ, ಪೈರಿನ ಸಾವಿರ ಪಾಲು ಮಿಡತೆಯಲ್ಲಿ ನೂರು, ಕಪ್ಪೆಯಲ್ಲಿ ಹತ್ತು, ಹಾವಿನಲ್ಲಿ ಒಂದು. ಗಿಡುಗಕ್ಕೆ ಅದರಲ್ಲಿಯೂ ದಶಾಂಶ!

ಹಿಕ್ಕೆ ಕಳೇಬರಗಳ ಸಾರವನ್ನು ಸೂಕ್ಷ್ಮಜೀವಿಗಳು ಮಣ್ಣಿಗೆ ಮರಳಿಸಬಲ್ಲವು, ಚೆದುರಿದ ಶಾಖವನ್ನಲ್ಲ.

ಹಾಗಾದರೆ ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯಲ್ಲಿ ನವಿಲುಗಳು ಹಿಂಡುಗಟ್ಟಿ ಬಾಳುವುದೆಂತು ಎಂದು ತಾವು ಆಕ್ಷೇಪಿಸಬಹುದು. ಸರ್ಪವೈರಿಯೆಂದು ಅದಕ್ಕೆ ಖ್ಯಾತಿ ಬಂದಿದ್ದರೂ, ನನಗೆ ಅದು ತುಸು ಅತಿಶಯವೆಂದೇ ತೋರುವುದು. ಅದರ ಹೊಟ್ಟೆ ತುಂಬುವುದು ಬಹುಮಟ್ಟಿಗೆ ಕಾಳು, ಚಿಗುರು, ಹುಳುಗಳಿಂದ, ಎಂದರೆ ತೂಬಿನ ಸಮೀಪದ ನೀರಿನಿಂದ.